ಪೆಡಲ್: ಕೊಳ್ಳೋದೋ, ಕಟ್ಟೋದೋ?
ಜಮಖಂಡಿ, ಮುಧೋಳ, ಬೀಳಗಿಯ ಗಿಟಾರ್ ಹುಡುಗರು ಎಫೆಕ್ಟ್ಸ್ ಪೆಡಲ್‌ಗೆ ಸಾವಿರಾರು ರೂಪಾಯಿ ಸುರಿಯುವ ಮುಂಚೆ ಊರ ಆಂಪ್ಲಿಫೈಯರ್ ರಿಪೇರಿಯವರ ಟೇಬಲ್ ಮೇಲೊಮ್ಮೆ ಕಣ್ಣಾಡಿಸಲಿ. ಐಬನೆಜ್‌ನ ಹೆಸರಾಂತ ಟ್ಯೂಬ್ ಸ್ಕ್ರೀಮರ್ ಪೆಡಲ್ಲಿನ ಜೀವಾಳ 4558 ಎಂಬ ಐಸಿ. ಭಜನೆ ಮಂಡಳಿಯ ಅಗ್ಗದ ಆಂಪ್ಲಿಫೈಯರಿನ ಟೋನ್ ಬೋರ್ಡಿನಲ್ಲೂ ಸಾಮಾನ್ಯವಾಗಿ ಕೂತಿರುವುದು ಅದೇ. ಮೈಕಿಗೆ ಎಕೋ ಕೊಡುವ ಬೋರ್ಡುಗಳ ಪಿಟಿ2399 ಚಿಪ್ಪಿನಿಂದಲೇ ಜಗತ್ತಿನ ಹವ್ಯಾಸಿಗಳು ಡಿಲೇ ಪೆಡಲ್ ಕಟ್ಟುತ್ತಾರೆ. ಫಝ್ ಇನ್ನೂ ಸಲೀಸು: ಎರಡು ಟ್ರಾನ್ಸಿಸ್ಟರ್, ಬೆರಳೆಣಿಕೆಯ ರೆಸಿಸ್ಟರ್, ಕೆಪಾಸಿಟರ್, ಒಂಬತ್ತು ವೋಲ್ಟಿನ ಬ್ಯಾಟರಿ. ಡಬ್ಬಿ ಮಾತ್ರ ಲೋಹದ್ದೇ ಇರಲಿ, ಅದಕ್ಕೆ ಗ್ರೌಂಡ್ ವೈರು ಸೇರಿಸಿರಲಿ. ಇಲ್ಲವಾದರೆ ಗಿಟಾರಿಗಿಂತ ಮೊದಲು ಕರೆಂಟಿನ ಗುಂಯ್‌ಗುಡುವಿಕೆಯೇ ಕೇಳುತ್ತದೆ. ಪವರ್‌ಲೂಮ್ ಮೋಟಾರುಗಳ ರಬಕವಿ-ಬನಹಟ್ಟಿಯಲ್ಲಂತೂ ಕೇಳಲೇಬೇಡಿ! ಹತ್ತಾರು ದನಿ ತುಂಬಿದ ಡಿಜಿಟಲ್ ಮಲ್ಟಿ-ಎಫೆಕ್ಟ್ಸ್ ಬೇಕೆಂದರೆ ಕೊಂಡೇ ತರಬೇಕು. ಅದು ಸೋಲ್ಡರಿಂಗ್ ಕಡ್ಡಿಗೆ ದಕ್ಕುವ ಕೆಲಸವಲ್ಲ.