ಔತಣದ ಎಲೆಯೂ ಕಾಡಿನ ಋಣವೂ

ಮಲೆನಾಡಿನ ಊರೂರುಗಳಲ್ಲಿ, ಶಾಲಾ ಕಾಲೇಜುಗಳಲ್ಲಿ ಪಾರಂಪರಿಕ ಆಹಾರ ಮೇಳಗಳು ಸಂಭ್ರಮದಿಂದ ನಡೆಯುತ್ತಿವೆ. ಉದ್ದೇಶ ಸ್ತುತ್ಯವಾದುದೇ. ಆದರೆ ಎಲೆಯ ಮೇಲೆ ಬೀಳುವುದು ಬಹುತೇಕ ಪೇಟೆಯಿಂದ ತಂದ ಆಲೂಗಡ್ಡೆ, ಟೊಮೆಟೊ, ಹುರುಳಿಕಾಯಿ ಮತ್ತು ಒಣಮೆಣಸಿನಕಾಯಿ. ಎಲೆಯಾದರೂ ಪ್ಲಾಸ್ಟಿಕ್ಕಿನದು! ಖರ್ಚಿನ ಪಟ್ಟಿ ಬೆಳೆಯುತ್ತದೆ. ಪರಂಪರೆ ಮಾತ್ರ ಬ್ಯಾನರಿನಲ್ಲಿ ಉಳಿಯುತ್ತದೆ.

ಈ ನಾಲ್ಕೂ ಅಮೆರಿಕ ಖಂಡಗಳ ಮೂಲದವು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ನಂತರದ ಶತಮಾನಗಳಲ್ಲಿ ಐರೋಪ್ಯ ವ್ಯಾಪಾರಿಗಳ ಮೂಲಕ ಇಲ್ಲಿಗೆ ತಲುಪಿದವು. ಪಾಯಸದ ಗೋಡಂಬಿ, ಹುಳಿಯ ಸಿಹಿಗುಂಬಳ, ಒಗ್ಗರಣೆಯ ಶೇಂಗಾ ಕೂಡ ಹಾಗೆಯೇ ಬಂದವು. ಅದಕ್ಕೂ ಮೊದಲು ಖಾರವೆಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಹೊಸ ಕಾಯಿ ಬಂದು 'ಮೆಣಸು' ಎಂಬ ಹೆಸರನ್ನೇ ಹಂಚಿಕೊಂಡಾಗ ಹಳೆಯದು 'ಒಳ್ಳೆಮೆಣಸು' ಆಯಿತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದುದು ಈ ನೆಲದ ಖಾರಕ್ಕಿದ್ದ ಬೆಲೆಗೆ ಸಾಕ್ಷಿ.

ಹಳೆಯ ಅಡುಗೆಯನ್ನು ತಿಳಿಯಲು ಕನ್ನಡದಲ್ಲೇ ಆಕರಗಳಿವೆ. ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ, ಅಂದರೆ 11ನೆಯ ಶತಮಾನದಲ್ಲೇ, ಪಾಕದ ವಿವರಗಳಿವೆ. 16ನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ರಚಿಸಿದನು. ಅದರಲ್ಲಿ ವರ್ಣಿತವಾಗಿರುವುದು ಬದನೆ, ಬಾಳೆ, ಹಲಸು, ಕಳಲೆ, ನೆಲ್ಲಿ ಮೊದಲಾದವು. ಇವುಗಳಲ್ಲಿ ಮಲೆನಾಡಿನ ಹಿತ್ತಿಲಿಗೆ ಅಪರಿಚಿತವಾದುದು ಯಾವುದು?

ಆದುದರಿಂದ ಐತಿಹಾಸಿಕ ಔತಣಕ್ಕೆ ದೊಡ್ಡ ಹಣ ಬೇಕಿಲ್ಲ. ಋತುವಿನ ಅರಿವು ಬೇಕು. ಬೇಸಿಗೆಗೆ ಎಳೆಹಲಸಿನ ಪಲ್ಯ, ಮಳೆಗಾಲಕ್ಕೆ ಕಳಲೆ ಮತ್ತು ಕೆಸು, ಎಲ್ಲ ಕಾಲಕ್ಕೂ ಬಾಳೆದಿಂಡಿನ ಕೋಸಂಬರಿ, ಒಂದೆಲಗದ ತಂಬುಳಿ, ಬೂದುಗುಂಬಳದ ಮಜ್ಜಿಗೆಹುಳಿ, ಹೆಸರುಬೇಳೆಯ ತೊವ್ವೆ, ಬೆಲ್ಲದ ಪಾಯಸ. ಹುಳಿಗೆ ಮುರುಗಲು, ವಾಟೆ ಅಥವಾ ಉಪ್ಪಾಗೆ. ಕಾಳುಮೆಣಸು ಇಂದು ಒಣಮೆಣಸಿಗಿಂತ ದುಬಾರಿ ಎಂಬುದು ನಿಜ. ಆದರೆ ಶುಂಠಿ, ಜೀರಿಗೆಯೊಡನೆ ಅರೆದು ಹಾಕಿದರೆ ಸ್ವಲ್ಪವೇ ಸಾಕು. ತುಪ್ಪವನ್ನು ಅಡುಗೆಗೆ ಸುರಿಯದೆ ಬಡಿಸುವಾಗ ಮಿಳ್ಳೆಯಲ್ಲಿ ಹಾಕಿದರೆ ಉಳಿತಾಯವೂ ಆಗುತ್ತದೆ, ಪರಿಮಳವೂ ಉಳಿಯುತ್ತದೆ. ಅರಮನೆಯ ಕರ್ಪೂರ, ಕಸ್ತೂರಿಗಳನ್ನು ಬಿಟ್ಟರೆ ಇತಿಹಾಸಕ್ಕೆ ಅಪಚಾರವಾಗದು. ಗ್ರಂಥಗಳು ಬಹುಮಟ್ಟಿಗೆ ಉಳ್ಳವರ ಎಲೆಯನ್ನು ಚಿತ್ರಿಸಿದವು. ಗೆಡ್ಡೆಗೆಣಸು, ಸೊಪ್ಪು, ಗಂಜಿಯಿಂದ ಬದುಕಿದವರ ಅಡುಗೆಯೂ ಅಷ್ಟೇ ಪ್ರಾಚೀನವಾದುದು.

ಆದರೆ ಇಲ್ಲೊಂದು ಎಚ್ಚರ ಅಗತ್ಯ. ಅಂಗಡಿಗೆ ಹಣ ತೆರದ ಔತಣದ ಲೆಕ್ಕವನ್ನು ಕಾಡು ತೆರುವಂತಾಗಬಾರದು. ಮೆಳೆಯೊಂದರ ಕಳಲೆಯನ್ನೆಲ್ಲ ಮುರಿದರೆ ಮುಂದಿನ ವರ್ಷದ ಬಿದಿರಿಲ್ಲ. ಹೆಬ್ಬಿದಿರು ನಾಲ್ಕೈದು ದಶಕಗಳಿಗೊಮ್ಮೆ ಹೂಬಿಟ್ಟು ಸಾಯುತ್ತದೆ. ಆಗ ಮೊಳೆತ ಸಸಿಗಳಿಗೆ ಮೇವು ಮತ್ತು ಬೆಂಕಿಯಿಂದ ರಕ್ಷಣೆ ದೊರೆಯದಿದ್ದರೆ ಮೆಳೆಯೇ ಅಳಿಯುತ್ತದೆ. ಅಪ್ಪೆಮಿಡಿಗಾಗಿ ಕೊಂಬೆಯನ್ನೇ ಕಡಿಯುವ, ಉಪ್ಪಾಗೆಗಾಗಿ ಮರವನ್ನೇ ಉರುಳಿಸುವ ಆತುರವು ಒಂದು ಹಂಗಾಮಿನ ಲಾಭಕ್ಕೆ ಒಂದು ತಲೆಮಾರಿನ ಫಲವನ್ನು ಬಲಿಗೊಡುತ್ತದೆ.

ಅರಣ್ಯ ಹಕ್ಕು ಕಾಯ್ದೆ, 2006 ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಗುರುತಿಸಿ, ಅರಣ್ಯವಾಸಿಗಳ ಸಂಗ್ರಹದ ಹಕ್ಕನ್ನು ಮಾನ್ಯ ಮಾಡಿತು. ಭಾರತೀಯ ಅರಣ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯು ಅರಣ್ಯದ ಹೊರಗೆ ಬೆಳೆದ ಬಿದಿರನ್ನು 'ಮರ'ದ ವ್ಯಾಖ್ಯೆಯಿಂದ ಕೈಬಿಟ್ಟಿತು. ಬೇಲಿಯಂಚಿನಲ್ಲಿ ಬಿದಿರು, ಹಿತ್ತಿಲಲ್ಲಿ ಕಸಿ ಅಪ್ಪೆ, ತೋಟದ ಮರಕ್ಕೊಂದು ಮೆಣಸಿನ ಬಳ್ಳಿ: ಮುಂದಿನ ಮೇಳದ ನಿಜವಾದ ಸಿದ್ಧತೆ ಇದು.

ವಿದ್ಯಾರ್ಥಿಗಳಿಗೆ ಇದರಲ್ಲಿ ವಿಶೇಷ ಪಾತ್ರವಿದೆ. ಹಸಿ ಕಳಲೆಯಲ್ಲಿ ವಿಷಾಂಶವಿರುತ್ತದೆ. ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿ, ಬೇಯಿಸಿ ಬಸಿದು ಬಳಸಬೇಕೆಂಬುದು ಮನೆಯ ಹಿರಿಯ ಹೆಂಗಸರಿಗೆ ಗೊತ್ತು. ಇಂಥ ಅರಿವು ಬಹುತೇಕ ಯಾವ ಪುಸ್ತಕವನ್ನೂ ಸೇರಿಲ್ಲ. ಅಜ್ಜಿಯರ ಬಳಿ ಕುಳಿತು, ಯಾವ ಸೊಪ್ಪು ಯಾವ ತಿಂಗಳಲ್ಲಿ, ಎಷ್ಟು ಕೊಯ್ದು ಎಷ್ಟು ಬಿಡಬೇಕು ಎಂಬುದನ್ನು ಬರೆದಿಡುವ ಕೆಲಸವು ಮೇಳಕ್ಕಿಂತ ಮೊದಲು ಆಗಬೇಕು. ಅಡುಗೆಯ ಹೆಸರಷ್ಟೇ ಉಳಿದು ಗಿಡ ಅಳಿದರೆ ಬಡಿಸಲು ಏನೂ ಇರುವುದಿಲ್ಲ.