ಮೊಲದ ಬಟ್ಟೆ, ಮಗಳ ಬಾಲ್

ಈ ಸಲ ಬರೆಯುತ್ತಿರುವುದು ಒಂದು ಮಕ್ಕಳ ಸಿನಿಮಾದ ಬಗ್ಗೆ. ಕಾರ್ಟೂನ್ ಬಗ್ಗೆ ಎಂತ ಬರೆಯಲಿಕ್ಕುಂಟು ಎಂದು ಕೆಲವರಿಗೆ ನಗು ಬರಬಹುದು. ನಗಿ, ಬೇಜಾರಿಲ್ಲ. ಆದರೆ ಕೊನೆಯವರೆಗೆ ಓದಿ. ಇದು ನಮ್ಮ ಮನೆಯ ಹೆಣ್ಣುಮಕ್ಕಳ ವಿಷಯ.

ಸಿನಿಮಾದ ಹೆಸರು ‘ಸ್ಪೇಸ್ ಜಾಮ್’. 1996ರಲ್ಲಿ ಬಂದದ್ದು. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಅದರಲ್ಲಿ ನಿಜವಾದ ಮನುಷ್ಯನಾಗಿಯೇ ಇದ್ದಾನೆ. ಅವನ ಜೊತೆ ಆಡುವವರು ಬಗ್ಸ್ ಬನ್ನಿ ಎಂಬ ಮೊಲ, ಡ್ಯಾಫಿ ಎಂಬ ಬಾತುಕೋಳಿ, ಹೀಗೆ ಕಾರ್ಟೂನಿನವರು. ನನ್ನ ಪ್ರಾಯದವರು ಟಿವಿಯಲ್ಲಿ ಈ ಮೊಲವನ್ನು ನೋಡಿಯೇ ಬೆಳೆದವರು. ಕಥೆ ಸರಳ. ಬೇರೆ ಗ್ರಹದ ಕುಳ್ಳ ಜೀವಿಗಳು ಕಾರ್ಟೂನಿನವರನ್ನು ಹಿಡಿದುಕೊಂಡು ಹೋಗಿ ತಮ್ಮ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಗುಲಾಮರಾಗಿ ಇಡಲು ಬರುತ್ತಾರೆ. ಇವರು ಕುಳ್ಳರಲ್ವಾ, ಬಾಸ್ಕೆಟ್‌ಬಾಲ್ ಆಡಿ ತೀರ್ಮಾನ ಮಾಡೋಣ ಎಂದು ಮೊಲ ಉಪಾಯ ಮಾಡುತ್ತದೆ. ಆದರೆ ಆ ಕುಳ್ಳರು ಐದು ಮಂದಿ ದೊಡ್ಡ ಆಟಗಾರರ ಪ್ರತಿಭೆಯನ್ನೇ ಕದ್ದು ರಾಕ್ಷಸರಂತೆ ಬೆಳೆದು ನಿಲ್ಲುತ್ತಾರೆ. ಆಗ ಮೊಲದ ತಂಡ ಜೋರ್ಡನ್ನನ್ನು ಕರೆತರುತ್ತದೆ.

ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ನನಗೆ ಇದನ್ನು ಹೇಗೆ ತೆಗೆದರು ಎಂಬುದೇ ಮೊದಲ ಕುತೂಹಲ. ಜೋರ್ಡನ್ ಆಡಿದ್ದು ಹಸಿರು ಬಣ್ಣದ ಕೋಣೆಯೊಳಗೆ, ಹಸಿರು ಬಟ್ಟೆ ತೊಟ್ಟ ಮನುಷ್ಯರ ಜೊತೆ. ಆಮೇಲೆ ಅವರನ್ನು ಅಳಿಸಿ ಆ ಜಾಗದಲ್ಲಿ ಕಾರ್ಟೂನ್ ಬರೆದರು. ಅಂದರೆ ನಾವು ನೋಡುವ ಆಟದಲ್ಲಿ ಬೆವರು ಸುರಿಸಿದ ಎಷ್ಟೋ ಜನ ಪರದೆಯ ಮೇಲೆ ಕಾಣುವುದೇ ಇಲ್ಲ. ಈ ಮಾತು ನೆನಪಿರಲಿ.

ಆ ತಂಡದಲ್ಲಿ ಎದ್ದು ಕಾಣುವ ಆಟಗಾರ್ತಿ ಒಬ್ಬಳೇ, ಲೋಲಾ ಬನ್ನಿ. ಈ ಸಿನಿಮಾಕ್ಕೆಂದೇ ಹೊಸದಾಗಿ ಹುಟ್ಟಿಸಿದ ಹೆಣ್ಣುಮೊಲ. ಅವಳು ಬಂದ ಕೂಡಲೇ ಬಗ್ಸ್ ಅವಳನ್ನು ಗೊಂಬೆ ಎಂದು ಕರೆದು ಒಂದು ಕೈ ಆಡೋಣ ಎನ್ನುತ್ತಾನೆ. ಅವಳು ಅವನನ್ನು ಚೆನ್ನಾಗಿ ಓಡಾಡಿಸಿ ಬಾಲ್ ಹಾಕಿ, ಇನ್ನು ಮುಂದೆ ಹಾಗೆ ಕರೆಯಬೇಡ ಎಂದು ಹೇಳಿ ಹೋಗುತ್ತಾಳೆ. ನಮ್ಮ ಮನೆಗಳಲ್ಲಿ ಹುಡುಗಿಯರು ಅಲ್ಲಿ ಚಪ್ಪಾಳೆ ತಟ್ಟುತ್ತಾರೆ. ಪಕ್ಕದಲ್ಲಿ ಕೂತ ಅಪ್ಪನೂ ನಗುತ್ತಾನೆ, ಉಮ್ಮನೂ ನಗುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಅದೇ ಮೋಳು ಟಿವಿ ಆಫ್ ಮಾಡಿ, ನನಗೂ ಒಂದು ಬಾಲ್ ಬೇಕು, ಶೂ ಬೇಕು, ನಾನೂ ಆಡಲಿಕ್ಕೆ ಹೋಗುತ್ತೇನೆ ಎಂದರೆ ಆ ನಗು ಎಲ್ಲಿಗೆ ಹೋಗುತ್ತದೆ?

ಏಳು ವರ್ಷದವಳಾದರೆ ಕೊಡಿಸುತ್ತೇವೆ. ಹನ್ನೆರಡು ಆದರೆ ಮಾತು ಬದಲಾಗುತ್ತದೆ. ಸಾಕು ಇನ್ನು, ದೊಡ್ಡವಳಾದೆ, ನಾಲ್ಕು ಜನ ಎಂತ ಹೇಳಿಯಾರು. ಸಿನಿಮಾದಲ್ಲಿ ಐದು ಆಟಗಾರರ ಪ್ರತಿಭೆ ಕದಿಯಲು ಬೇರೆ ಗ್ರಹದಿಂದ ಬರಬೇಕಾಯಿತು. ಪ್ರತಿಭೆ ಹೋದ ಮೇಲೆ ಆ ದೊಡ್ಡ ಆಟಗಾರರು ಬಾಲ್ ಹಿಡಿಯಲೂ ಆಗದೆ ಒದ್ದಾಡುತ್ತಾರೆ, ಡಾಕ್ಟರ ಹತ್ತಿರ ಓಡುತ್ತಾರೆ. ನಮ್ಮಲ್ಲಿ ಈ ಕಳ್ಳತನ ಪಡಸಾಲೆಯಲ್ಲಿ ಚಹಾ ಕುಡಿಯುತ್ತಾ ನಡೆಯುತ್ತದೆ. ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ. ಕಳೆದುಕೊಂಡದ್ದು ಏನೆಂದು ಆ ಹುಡುಗಿಗೂ ಗೊತ್ತಾಗುವುದಿಲ್ಲ.

ನಾನು ಇರುವುದು ಬೊಮ್ಮನಹಾಳ್‌ನಲ್ಲಿ. ಅಪ್ಪ ಇಲ್ಲಿಗೆ ಬಂದು ಅಂಗಡಿ ಹಾಕಿದವರು. ಈ ರಾಯದುರ್ಗ ತಾಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಂಧ್ರ ರಾಜ್ಯ ಆದಾಗ ಅನಂತಪುರಕ್ಕೆ ಸೇರಿತು. ಹಾಗಾಗಿ ಅಂಗಡಿಗೆ ಬರುವವರದ್ದು ಕನ್ನಡವೂ ಹೌದು, ತೆಲುಗೂ ಹೌದು. ಮನೆಯೊಳಗೆ ನಮ್ಮದು ಬ್ಯಾರಿ. ಊರು ಬಿಟ್ಟು ಇಷ್ಟು ದೂರ ಬಂದರೂ ‘ನಾಲ್ಕು ಜನ’ ಮಾತ್ರ ನಮ್ಮ ಜೊತೆಗೇ ಬಂದಿದ್ದಾರೆ. ನನ್ನ ಮಗಳಿಗೆ ಈಗ ಹತ್ತು ವರ್ಷ. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಹತ್ತಿರದ ಸಂಬಂಧಿಕರೊಬ್ಬರು, ಇವಳನ್ನು ಇನ್ನೂ ಹೀಗೆ ಓಡಾಡಲು ಬಿಟ್ಟಿದ್ದೀಯಾ ಎಂದು ಕೇಳಿದರು. ಇನ್ನೆರಡು ವರ್ಷದಲ್ಲಿ ಆ ಪ್ರಶ್ನೆಗೆ ನಾನು ಉತ್ತರ ಕೊಡಲೇಬೇಕು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಮೊದಲ ನೆಪ ಬಟ್ಟೆಯದ್ದು. ಶಾಲು ಹಾಕಿಕೊಂಡು ಆಡಲಿಕ್ಕೆ ಬಿಡುವುದಿಲ್ಲ, ತೆಗೆಯಲಿಕ್ಕೆ ನಾವು ಬಿಡುವುದಿಲ್ಲ, ಹಾಗಾಗಿ ಆಟವೇ ಬೇಡ ಎನ್ನುವವರಿದ್ದಾರೆ. ಒಂದು ಕಾಲದಲ್ಲಿ ಇದರಲ್ಲಿ ಸತ್ಯ ಇತ್ತು. ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾ ತಲೆಯ ಮೇಲೆ ಬಟ್ಟೆ ಹಾಕಿ ಆಡಲು ಬಿಡುತ್ತಿರಲಿಲ್ಲ. ನಮ್ಮ ಜನ ದುಡಿಯುವ ಕತಾರಿನ ಮಹಿಳಾ ತಂಡ 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ಗೆ ಹೋಗಿತ್ತು. ಹಿಜಾಬ್ ತೆಗೆಯಿರಿ ಎಂದಾಗ ಒಪ್ಪದೆ ಮಂಗೋಲಿಯಾ ಎದುರಿನ ಪಂದ್ಯವನ್ನೇ ಬಿಟ್ಟುಕೊಟ್ಟರು.

ಅಮೆರಿಕದ ಬಿಲ್ಕೀಸ್ ಅಬ್ದುಲ್ ಖಾದಿರ್ ಕಥೆ ಇನ್ನೂ ಕಷ್ಟದ್ದು. ಮ್ಯಾಸಚೂಸೆಟ್ಸ್ ರಾಜ್ಯದ ಹುಡುಗಿ. ಹೈಸ್ಕೂಲಿನಲ್ಲಿ 3,070 ಪಾಯಿಂಟ್ ಹಾಕಿ, ಹುಡುಗ ಹುಡುಗಿ ಇಬ್ಬರನ್ನೂ ಸೇರಿಸಿ ರಾಜ್ಯ ದಾಖಲೆ ಮಾಡಿದವಳು. ತಲೆಗೆ ಹಿಜಾಬ್, ಕೈಕಾಲು ಪೂರ್ತಿ ಮುಚ್ಚಿದ ಬಟ್ಟೆ, ಹಾಗೆಯೇ ಕಾಲೇಜು ತಂಡದಲ್ಲೂ ಆಡಿದಳು. 2009ರಲ್ಲಿ ಒಬಾಮ ವೈಟ್ ಹೌಸ್‌ನ ಇಫ್ತಾರಿನಲ್ಲಿ ಅವಳ ಹೆಸರು ಹೇಳಿ ಪರಿಚಯಿಸಿದರು. ಆದರೆ ಕಾಲೇಜು ಮುಗಿದು ವೃತ್ತಿಪರ ಆಟಕ್ಕೆ ಹೊರಟಾಗ ಫೀಬಾ ನಿಯಮ ಅಡ್ಡ ಬಂತು. ಅವಳು, ಅವಳಂಥ ಇನ್ನೂ ಕೆಲವರು ಸುಮ್ಮನೆ ಕೂರಲಿಲ್ಲ. 2017ರ ಮೇ ತಿಂಗಳಲ್ಲಿ ಫೀಬಾ ನಿಯಮ ಬದಲಿಸಿತು, ಅಕ್ಟೋಬರ್‌ನಿಂದ ಜಾರಿಗೆ ಬಂತು. ಅವಳ ಆಟದ ವರ್ಷಗಳು ಅಷ್ಟರಲ್ಲಿ ಕಳೆದಿದ್ದವು. ಬಾಗಿಲು ತೆರೆದದ್ದು ಹಿಂದೆ ಬರುವವರಿಗೆ, ನಮ್ಮ ಮಕ್ಕಳಿಗೂ ಸೇರಿಸಿ. ನಾವು ಇನ್ನೂ ಆ ಬಾಗಿಲು ಮುಚ್ಚಿದೆ ಎಂದೇ ಹೇಳುತ್ತಾ ಕೂತಿದ್ದೇವೆ.

ಇದನ್ನು ನಮಗಿಂತ ಮೊದಲು ವ್ಯಾಪಾರಿಗಳು ಗಮನಿಸಿದರು. ‘ಸ್ಪೇಸ್ ಜಾಮ್’ ಹುಟ್ಟಿದ್ದೇ ಜಾಹೀರಾತಿನಿಂದ. 1992ರಲ್ಲಿ ನೈಕಿ ಶೂ ಕಂಪೆನಿ ಜೋರ್ಡನ್ ಮತ್ತು ಬಗ್ಸ್ ಬನ್ನಿಯನ್ನು ಸೇರಿಸಿ ಟಿವಿ ಜಾಹೀರಾತು ಮಾಡಿತು. ಅದು ಹಿಟ್ ಆದ ಮೇಲೆ ಅದೇ ಜೋಡಿಯನ್ನು ಇಟ್ಟು ಸಿನಿಮಾ ಆಯಿತು. ಜಾಹೀರಾತು ತೆಗೆದ ಜೋ ಪಿಟ್ಕಾನೇ ಸಿನಿಮಾದ ನಿರ್ದೇಶಕ. ಅದೇ ನೈಕಿ 2017ರಲ್ಲಿ ಆಟಗಾರ್ತಿಯರಿಗಾಗಿ ಹಿಜಾಬ್ ಮಾರಾಟಕ್ಕೆ ತಂದಿತು. ನಾನು ಅಂಗಡಿಯವನ ಮಗ, ಗಿರಾಕಿ ಇಲ್ಲದ ಮಾಲನ್ನು ಯಾರೂ ತರಿಸುವುದಿಲ್ಲ ಎಂದು ಗೊತ್ತು. ಮುಸ್ಲಿಂ ಹುಡುಗಿಯರು ಆಡುತ್ತಾರೆ ಎಂದು ಶೂ ಕಂಪೆನಿಗೆ ಅರ್ಥವಾಯಿತು. ಅಪ್ಪಂದಿರಿಗೆ ಅರ್ಥವಾಗಲಿಲ್ಲ.

ಬಟ್ಟೆಯ ಹುಚ್ಚು ನಮಗೆ ಮಾತ್ರ ಎಂದು ತಿಳಿಯಬೇಡಿ. 2021ರಲ್ಲಿ ಈ ಸಿನಿಮಾದ ಎರಡನೇ ಭಾಗ ಬಂತು, ಜೋರ್ಡನ್ ಬದಲು ಲೆಬ್ರಾನ್ ಜೇಮ್ಸ್. ಮೊದಲ ಸಿನಿಮಾದಲ್ಲಿ ಲೋಲಾಳ ಹೊಟ್ಟೆ ಕಾಣುವ ಹಾಗೆ, ಗಂಡಸರ ಕಣ್ಣಿಗೆ ಚೆಂದ ಕಾಣುವ ಹಾಗೆ ಬರೆದಿದ್ದರು. ಎರಡನೆಯದರಲ್ಲಿ ನಿರ್ದೇಶಕ ಮಾಲ್ಕಮ್ ಲೀ ಅವಳಿಗೆ ಆಟಗಾರರು ತೊಡುವಂಥ ಸರಿಯಾದ ಬಟ್ಟೆ ಹಾಕಿಸಿದರು. ಚಿತ್ರ ಹೊರಬಿದ್ದ ಕೂಡಲೇ ಇಂಟರ್ನೆಟ್ಟಿನಲ್ಲಿ ಗಲಾಟೆಯೋ ಗಲಾಟೆ. ದೊಡ್ಡ ದೊಡ್ಡ ಗಂಡಸರು ಕೂತು ಒಂದು ಕಾರ್ಟೂನ್ ಮೊಲದ ಬಟ್ಟೆ ಹೆಚ್ಚಾಯಿತು ಎಂದು ಜಗಳ ಮಾಡಿದರು ಮಾರಾಯ್ರೆ! ಆ ಗಲಾಟೆಯಲ್ಲಿ ಅವಳು ಬಾಲ್ ಹೇಗೆ ಹಾಕುತ್ತಾಳೆ ಎಂದು ಕೇಳಿದವರನ್ನು ಹುಡುಕಬೇಕಿತ್ತು.

ಅಲ್ಲಿ ಬಟ್ಟೆ ಹೆಚ್ಚಾಯಿತು ಎಂದು ಜಗಳ, ಫೀಬಾದಲ್ಲಿ ತಲೆಯ ಬಟ್ಟೆ ಬೇಡ ಎಂದು ನಿಯಮ, ನಮ್ಮಲ್ಲಿ ಬಟ್ಟೆ ಕಡಿಮೆಯಾದೀತು ಎಂದು ಹೆದರಿಕೆ. ಮೂರೂ ಕಡೆ ಮಾತಾಡುವವರು ಹೆಚ್ಚಾಗಿ ಗಂಡಸರು. ಮೂರೂ ಕಡೆ ಹುಡುಗಿಯ ಕೈಯಲ್ಲಿರುವ ಬಾಲ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. 2022ರಲ್ಲಿ ಉಡುಪಿಯ ಕಾಲೇಜಿನಿಂದ ಶುರುವಾದ ಹಿಜಾಬ್ ವಿವಾದ ನಮಗೆಲ್ಲ ನೆನಪಿದೆ. ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು ಬಂತು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಆ ಹುಡುಗಿಯರು ಕ್ಲಾಸಿನಿಂದ ಹೊರಗೆ ನಿಂತದ್ದು ಅನ್ಯಾಯ ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ನಾವು ಸಭೆ ಮಾಡಿದೆವು, ಸ್ಟೇಟಸ್ ಹಾಕಿದೆವು, ಹೆಣ್ಣುಮಕ್ಕಳ ಹಕ್ಕು ಎಂದು ಗಂಟಲು ಹರಿಯುವಷ್ಟು ಮಾತಾಡಿದೆವು. ಸರಿ. ಹಾಗಾದರೆ ಹಿಜಾಬ್ ಹಾಕಿ ಕಾಲೇಜಿಗೆ ಹೋಗುವುದು ಅವಳ ಹಕ್ಕು ಎಂದವರು, ಹಿಜಾಬ್ ಹಾಕಿ ಕಾಲೇಜಿನ ಮೈದಾನಕ್ಕೆ ಇಳಿಯುವುದೂ ಅವಳ ಹಕ್ಕು ಎನ್ನಲು ಯಾಕೆ ಹಿಂಜರಿಯುತ್ತೇವೆ? ಬೇರೆಯವರು ಬಾಗಿಲು ಹಾಕಿದಾಗ ಅದು ಅನ್ಯಾಯ, ನಾವು ಹಾಕಿದಾಗ ಅದು ಸಂಸ್ಕೃತಿಯಾ?

ಎರಡನೇ ನೆಪ ದೀನಿನದ್ದು. ನಾನು ಆಲಿಂ ಅಲ್ಲ, ಫತ್ವಾ ಕೊಡಲು ಬಂದಿಲ್ಲ. ಆದರೆ ಆಯಿಷಾ (ರ) ಪ್ರವಾದಿಯವರ (ಸ) ಜೊತೆ ಓಟದ ಪಂದ್ಯ ಓಡಿದ್ದು, ಒಮ್ಮೆ ಗೆದ್ದದ್ದು, ಇನ್ನೊಮ್ಮೆ ಸೋತದ್ದು ಹದೀಸಿನಲ್ಲಿದೆ. ಮದ್ರಸದಲ್ಲಿ ನಾವೆಲ್ಲ ಕೇಳಿದ ಕಥೆಯೇ. ಮದುವೆ ಮನೆಯ ವಯಳಿನಲ್ಲಿ ಈ ಕಥೆ ಹೇಳಿದರೆ ಎಲ್ಲರೂ ಮಾಷಾ ಅಲ್ಲಾಹ್ ಎನ್ನುತ್ತಾರೆ. ಹೆಂಗಸರಿಗೆ ಮಾತ್ರ ಇರುವ ಅಂಗಳದಲ್ಲಿ, ಮೈ ಮುಚ್ಚುವ ಬಟ್ಟೆಯಲ್ಲಿ, ಹೆಂಗಸು ಕೋಚ್ ಇಟ್ಟು ಆಡಿಸಿ ಎಂದರೆ ಮಾತ್ರ ವಿಷಯ ಬದಲಾಯಿಸುತ್ತಾರೆ.

ಮೂರನೇ ನೆಪ, ನಮ್ಮ ಮಕ್ಕಳು ಗಿಡ್ಡ, ಬಾಸ್ಕೆಟ್‌ಬಾಲ್ ಎತ್ತರದವರ ಆಟ. ಸಿನಿಮಾದಲ್ಲಿ ಪ್ರತಿಭೆ ಕಳೆದುಕೊಳ್ಳುವ ಐವರಲ್ಲಿ ಮಗ್ಸಿ ಬೋಗ್ಸ್ ಎಂಬವನಿದ್ದಾನೆ. ಅವನ ಎತ್ತರ ಐದು ಅಡಿ ಮೂರು ಇಂಚು. ಎನ್‌ಬಿಎ ಇತಿಹಾಸದಲ್ಲೇ ಅವನಷ್ಟು ಗಿಡ್ಡ ಆಟಗಾರ ಇನ್ನೊಬ್ಬನಿಲ್ಲ. ಕದಿಯುವವರು ಅವನ ಪ್ರತಿಭೆಯನ್ನೂ ಹುಡುಕಿ ಕದ್ದರು, ಅಷ್ಟು ಬೆಲೆ ಅದಕ್ಕೆ.

ಸಿನಿಮಾವನ್ನೂ ನಾನು ತಲೆ ಮೇಲೆ ಹೊತ್ತು ಕುಣಿಯುತ್ತಿಲ್ಲ. ಎರಡೂ ಭಾಗಗಳು ಅಪ್ಪ ಮಗನ ಕಥೆಗಳೇ. ಮೊದಲನೆಯದು ಶುರುವಾಗುವುದು ರಾತ್ರಿ ಹೊತ್ತು ಅಂಗಳದಲ್ಲಿ ಬಾಲ್ ಹಾಕುತ್ತಿರುವ ಪುಟ್ಟ ಮೈಕಲ್‌ನಿಂದ. ಮಲಗಲು ಕರೆಯಲು ಬಂದ ಅಪ್ಪ ನಿಂತು ಅವನ ಆಟ ನೋಡುತ್ತಾನೆ, ಅವನ ಕನಸು ಕೇಳುತ್ತಾನೆ. ನಿಜ ಜೀವನದಲ್ಲಿ ಆ ಅಪ್ಪನನ್ನು 1993ರಲ್ಲಿ ಕೊಲೆ ಮಾಡಲಾಯಿತು. ಅದೇ ವರ್ಷ ಜೋರ್ಡನ್ ಬಾಸ್ಕೆಟ್‌ಬಾಲ್ ಬಿಟ್ಟ, 1995ರಲ್ಲಿ ತಿರುಗಿ ಬಂದ. ಎರಡನೆಯದರಲ್ಲಿ ಮಗನಿಗೆ ವಿಡಿಯೋ ಗೇಮ್ ಮಾಡುವ ಆಸೆ, ಅಪ್ಪನಿಗೆ ಅವನು ಬಾಸ್ಕೆಟ್‌ಬಾಲೇ ಆಡಬೇಕೆಂಬ ಹಠ. ಮಗನ ಮಾತು ಕೇಳಿಸಿಕೊಳ್ಳಲು ಅಪ್ಪ ಕಲಿಯುವುದೇ ಕಥೆ. ಮಗನಿಗಾಗಿ ಅಂಗಳದಲ್ಲಿ ನಿಂತ ಅಪ್ಪನನ್ನು ಹಾಲಿವುಡ್ ತೋರಿಸಿತು. ಮಗಳಿಗಾಗಿ ನಿಂತ ಅಪ್ಪನನ್ನು ತೋರಿಸಲಿಲ್ಲ. ಅದನ್ನು ನಾವು ತೋರಿಸಬಹುದು, ಅದಕ್ಕೆ ಸಿನಿಮಾ ಕಂಪೆನಿ ಬೇಡ.

ಕೊನೆಯ ನೆಪ, ಜಾಗ ಎಲ್ಲಿದೆ, ದುಡ್ಡು ಎಲ್ಲಿದೆ. ನಮ್ಮ ಮಂಡಲದ ದರ್ಗಾ ಹೊನ್ನೂರಿನ ಕಡೆ ನೋಡಿದರೆ ಮರುಭೂಮಿಯ ಹಾಗೆ ಮರಳು ದಿಬ್ಬಗಳೇ. ಬಡ ಸೀಮೆ ಇದು. ಆದರೂ ಇದೇ ಅನಂತಪುರ ಜಿಲ್ಲೆಯಲ್ಲಿ ವಿಸೆಂಟ್ ಫೆರರ್ ಅವರ ಆರ್‌ಡಿಟಿ ಸಂಸ್ಥೆ ಹಳ್ಳಿಯ ಮಕ್ಕಳಿಗಾಗಿ ಆಟದ ಮೈದಾನಗಳನ್ನು ಕಟ್ಟಿದೆ. 2010ರಲ್ಲಿ ರಫೆಲ್ ನಡಾಲ್ ಹೆಸರಿನ ಟೆನಿಸ್ ಶಾಲೆಯೂ ಅಲ್ಲಿ ಶುರುವಾಯಿತು. ಕೂಲಿಯವರ ಹೆಣ್ಣುಮಕ್ಕಳು ರ‍್ಯಾಕೆಟ್ ಹಿಡಿಯುವ ಜಿಲ್ಲೆಯಲ್ಲಿ, ಅಂಗಡಿಯಿರುವ ನಾವು ಬಡತನದ ಮಾತಾಡಬಾರದು.

ಲೆಕ್ಕ ನಾನೇ ಕೊಡುತ್ತೇನೆ. ಬಾಸ್ಕೆಟ್‌ಬಾಲ್ ರಿಂಗಿನ ಒಳ ಅಗಲ 45 ಸೆಂಟಿಮೀಟರ್. 16ರಿಂದ 20 ಮಿಲಿಮೀಟರ್ ದಪ್ಪದ ಕಬ್ಬಿಣದ ರಾಡ್ ಬೇಕು, ಸುಮಾರು ಒಂದೂವರೆ ಮೀಟರ್ ಉದ್ದ ಸಾಕು. ಯಾವ ವೆಲ್ಡಿಂಗ್ ಶಾಪಿನವನೂ ಬಗ್ಗಿಸಿ ಕೊಡುತ್ತಾನೆ. ದೊಡ್ಡವರಿಗೆ ನೆಲದಿಂದ 3.05 ಮೀಟರ್ ಎತ್ತರ, ಚಿಕ್ಕ ಮಕ್ಕಳಿಗೆ 2.60. ಹುಡುಗಿಯರು ಆಡುವ ಬಾಲಿಗಿಂತ ರಿಂಗ್ ಹೆಚ್ಚು ಕಡಿಮೆ ಎರಡು ಪಟ್ಟು ಅಗಲ ಇರುತ್ತದೆ, ಅಂದರೆ ಕಾಣುವಷ್ಟು ಕಷ್ಟವಲ್ಲ. ಮದುವೆಗೆ ಒಂದು ರಾತ್ರಿ ಹಾಕುವ ಲೈಟಿಂಗಿನ ಖರ್ಚಿನಲ್ಲಿ ಇಂಥದ್ದು ಎಷ್ಟು ಆಗುತ್ತದೆ, ನೀವೇ ಲೆಕ್ಕ ಹಾಕಿ. ನಮ್ಮ ಜಮಾಅತಿನ ಶಾಲೆಗಳಿಗೆ, ಹೆಣ್ಣುಮಕ್ಕಳ ಕಾಲೇಜುಗಳಿಗೆ ಕಾಂಪೌಂಡ್ ಇದೆ, ಗೋಡೆ ಇದೆ. ಆ ಗೋಡೆಗೆ ಒಂದು ರಿಂಗ್ ಹಾಕಲು ಯಾರ ಅಪ್ಪಣೆ ಬೇಕು? ಮುಂದಿನ ಕಮಿಟಿ ಮೀಟಿಂಗಿನಲ್ಲಿ ಕೇಳಿ. ಯಾಕೆ ಬೇಡ ಎಂದು ಹೇಳುವವರು ಎದ್ದು ನಿಂತು, ತಮ್ಮ ಮಗಳ ಹೆಸರು ಹೇಳಿ, ಕಾರಣ ಹೇಳಲಿ.

ಸಿನಿಮಾದ ಅರ್ಧ ಆಟದಲ್ಲಿ ತಂಡ ಸೋತು ಸುಣ್ಣವಾಗಿರುತ್ತದೆ. ಆಗ ಬಗ್ಸ್ ಒಂದು ಬಾಟಲಿ ತಂದು, ಇದು ಮೈಕಲ್ ಕುಡಿಯುವ ಗುಟ್ಟಿನ ಮದ್ದು ಎಂದು ಎಲ್ಲರಿಗೂ ಕುಡಿಸುತ್ತಾನೆ. ಎಲ್ಲರೂ ಎದ್ದು ಆಡುತ್ತಾರೆ. ಅದು ಬರೀ ನೀರು. ಗುಟ್ಟು ಏನೆಂದರೆ, ನಿನ್ನಿಂದ ಆಗುತ್ತದೆ ಎಂದು ಒಬ್ಬರು ಹೇಳಿದ್ದು. ನಮ್ಮ ಮೋಳುಗಳಿಗೂ ಬೇಕಾದ್ದು ಅಷ್ಟೇ, ಜೊತೆಗೆ ಒಂದೂವರೆ ಮೀಟರ್ ರಾಡ್.