ಹಸುವಿಗೇ ತಲುಪದ ಲಸಿಕೆ, ನಮಗೆ ತಲುಪೀತೇ?

ಕಳೆದ ಜೂನ್‌ನಲ್ಲಿ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಪೆರೇಸಂದ್ರಕ್ಕೆ ಬಂದಾಗ ಮನೆಯ ಎಚ್‌ಎಫ್ ಹಸು ಮೇವು ಬಿಟ್ಟು ಎರಡು ದಿನವಾಗಿತ್ತು. ಮೈ ಸುಡುತ್ತಿತ್ತು. ಮುಂಗಾಲಿನ ಮೇಲೆ ಗಡ್ಡೆ ಊದಿಕೊಂಡಿತ್ತು. ಕಣ್ಣಿನ ಒಳರೆಪ್ಪೆ ಬಿಳಚಿಕೊಂಡಿತ್ತು. ಬಂದ ಪಶುವೈದ್ಯರು ನೋಡಿದ ಕೂಡಲೇ ‘ಥೈಲೇರಿಯಾ ಇರಬೇಕು’ ಎಂದರು. ಉಣ್ಣೆ ಕಚ್ಚುವುದರಿಂದ ಹರಡುವ ಕಾಯಿಲೆ. ದುಬಾರಿ ಇಂಜೆಕ್ಷನ್ ಕೊಟ್ಟರೂ ತಡವಾಗಿತ್ತು. ನಾಲ್ಕನೇ ದಿನ ಹಸು ಹೋಯಿತು. ನನ್ನ ಕಾಲೇಜು ಫೀಸಿನ ಒಂದು ಭಾಗ ಬರುತ್ತಿದ್ದುದು ಅದರ ಹಾಲಿನಿಂದಲೇ.

ಹೊರಡುವ ಮುನ್ನ ವೈದ್ಯರು ಹೇಳಿದ ಮಾತು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ: ‘ಇದಕ್ಕೆ ಲಸಿಕೆ ಇದೆ. ಆದರೆ ನಮ್ಮ ಕಡೆ ಸಿಗೋದು ಕಷ್ಟ.’

ಲಸಿಕೆ ಇದ್ದೂ ಸಿಗುವುದಿಲ್ಲ ಎಂದರೇನು? ಅಲ್ಲಿಂದ ಓದಲು ಶುರು ಮಾಡಿದವನು ಮಲೇರಿಯಾ ಲಸಿಕೆಯವರೆಗೂ ಹೋದೆ. ಥೈಲೇರಿಯಾ ಮತ್ತು ಮಲೇರಿಯಾ ಹೆಸರಿನಲ್ಲಷ್ಟೇ ಅಲ್ಲ, ಕುಲದಲ್ಲೂ ಹತ್ತಿರ. ಎರಡನ್ನೂ ತರುವುದು ಒಂದೇ ಗುಂಪಿಗೆ ಸೇರಿದ ಏಕಕೋಶ ಪರಾವಲಂಬಿ ಜೀವಿಗಳು. ಒಂದಕ್ಕೆ ವಾಹನ ಉಣ್ಣೆ, ಇನ್ನೊಂದಕ್ಕೆ ಸೊಳ್ಳೆ. ಎರಡರ ಲಸಿಕೆಗಳ ಕಥೆಯೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ.

ವೈರಸ್ ಬೇರೆ, ಪರಾವಲಂಬಿ ಬೇರೆ

ಕೊರೊನಾ ಬಂದು ಒಂದು ವರ್ಷದೊಳಗೆ ಲಸಿಕೆ ಬಂತು. ಸಾವಿರಾರು ವರ್ಷಗಳಿಂದ ಕಾಡುತ್ತಿರುವ ಮಲೇರಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಲಸಿಕೆಯನ್ನು ಶಿಫಾರಸು ಮಾಡಿದ್ದು 2021ರ ಅಕ್ಟೋಬರ್‌ನಲ್ಲಿ. ಇಷ್ಟು ತಡವೇಕೆ?

ಮೊದಲ ಕಾರಣ ಗಾತ್ರ. ದಡಾರದ ವೈರಸ್‌ನಲ್ಲಿ ಇರುವುದು 6 ಜೀನ್. ಮಲೇರಿಯಾ ತರುವ ಪ್ಲಾಸ್ಮೋಡಿಯಂ ಫಾಲ್ಸಿಪಾರಂನಲ್ಲಿ 5,000ಕ್ಕೂ ಹೆಚ್ಚು. ಎರಡನೆಯದು ವೇಷ. ಸೊಳ್ಳೆ ಕಚ್ಚಿದಾಗ ಒಳಬರುವ ರೂಪ ಒಂದು, ಯಕೃತ್ತಿನಲ್ಲಿ ಬೆಳೆಯುವ ರೂಪ ಇನ್ನೊಂದು, ಕೆಂಪು ರಕ್ತಕಣ ಒಡೆಯುವುದು ಮತ್ತೊಂದು, ವಾಪಸ್ ಸೊಳ್ಳೆಗೆ ಹೋಗುವುದು ಮಗದೊಂದು. ಪ್ರತಿ ರೂಪದ ಮೇಲ್ಮೈ ಪ್ರೋಟೀನ್ ಬೇರೆ. ನಮ್ಮ ದೇಹ ಒಂದನ್ನು ಗುರುತು ಹಿಡಿಯುವಷ್ಟರಲ್ಲಿ ಅದು ಅಂಗಿ ಬದಲಿಸಿರುತ್ತದೆ. ಮಲೇರಿಯಾ ಒಮ್ಮೆ ಬಂದವರಿಗೆ ಮತ್ತೆ ಬರುವುದು ಇದರಿಂದಲೇ. ಪ್ರಕೃತಿಯೇ ಪೂರ್ತಿ ಕೊಡದ ರಕ್ಷಣೆಯನ್ನು ಲಸಿಕೆ ಕೊಡಬೇಕು.

ಈಗಿರುವ ಎರಡೂ ಲಸಿಕೆಗಳು ಗುರಿ ಇಟ್ಟಿರುವುದು ಮೊದಲ ರೂಪಕ್ಕೆ. ಸೊಳ್ಳೆಯಿಂದ ಬಂದ ಪರಾವಲಂಬಿ ಯಕೃತ್ತು ಸೇರುವ ಮೊದಲೇ ಅದನ್ನು ತಡೆಯುವುದು ಉದ್ದೇಶ. ಅದರ ಮೈಮೇಲಿನ ಪ್ರೋಟೀನ್‌ನ ಒಂದು ತುಣುಕನ್ನು ಹೆಪಟೈಟಿಸ್-ಬಿ ಲಸಿಕೆಯ ಕಣಕ್ಕೆ ಅಂಟಿಸಿ ಯೀಸ್ಟ್‌ನಲ್ಲಿ ಬೆಳೆಸುತ್ತಾರೆ. ಪರಿಣಾಮ ಹೆಚ್ಚಿಸಲು ದಕ್ಷಿಣ ಅಮೆರಿಕದ ಕ್ವಿಲಾಜಾ ಮರದ ತೊಗಟೆಯ ಸಾರ ಸೇರಿಸುತ್ತಾರೆ. ನಮ್ಮ ಅಂಟುವಾಳದ ಕಾಯಿಯಂತೆ ನೀರಲ್ಲಿ ನೊರೆ ಬರಿಸುವ ಮರ ಅದು.

ತಯಾರಿ ಇಲ್ಲಿ, ಬಳಕೆ ಅಲ್ಲಿ

ಮೊದಲ ಲಸಿಕೆ ಆರ್‌ಟಿಎಸ್,ಎಸ್. ಇದರ ಕೆಲಸ ಆರಂಭವಾಗಿದ್ದು 1980ರ ದಶಕದಲ್ಲಿ. ನಾಲ್ಕು ಡೋಸ್ ಕೊಟ್ಟರೂ ನಾಲ್ಕು ವರ್ಷಗಳಲ್ಲಿ ತಪ್ಪಿದ್ದು ಹತ್ತರಲ್ಲಿ ಸುಮಾರು ನಾಲ್ಕು ಪ್ರಕರಣ. ಪರೀಕ್ಷೆಯಲ್ಲಿ ಇದು ಜಸ್ಟ್ ಪಾಸ್ ಎನ್ನಬಹುದು. ಆದರೆ 2019ರಿಂದ ಘಾನಾ, ಕೆನ್ಯಾ, ಮಲಾವಿಯಲ್ಲಿ ಪ್ರಾಯೋಗಿಕವಾಗಿ ಕೊಟ್ಟಾಗ ಲಸಿಕೆಯ ವಯಸ್ಸಿನ ಮಕ್ಕಳ ಸಾವು ಶೇ 13ರಷ್ಟು ಇಳಿಯಿತು. 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು 5.97 ಲಕ್ಷ, ಬಹುಪಾಲು ಆಫ್ರಿಕಾದ ಐದು ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇಂಥ ಕಡೆ ಶೇ 13 ಸಣ್ಣ ಸಂಖ್ಯೆಯಲ್ಲ.

ಎರಡನೆಯದು ಆರ್21. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ರೂಪಿಸಿದ ಇದನ್ನು ತಯಾರಿಸುವುದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್. 2023ರ ಅಕ್ಟೋಬರ್‌ನಲ್ಲಿ ಶಿಫಾರಸು ಸಿಕ್ಕಿತು. ಮಲೇರಿಯಾ ಋತುವಿಗೆ ಮೊದಲು ಕೊಟ್ಟ ಕಡೆ ಮೊದಲ ವರ್ಷ ಶೇ 75ರಷ್ಟು ರಕ್ಷಣೆ ಕಂಡುಬಂದಿದೆ. ಬೆಲೆ ಡೋಸ್‌ಗೆ 4 ಡಾಲರ್‌ಗಿಂತ ಕಡಿಮೆ. ಆರ್‌ಟಿಎಸ್,ಎಸ್ ತಯಾರಿಕೆಯ ತಂತ್ರಜ್ಞಾನವೂ ಹೈದರಾಬಾದಿನ ಭಾರತ್ ಬಯೋಟೆಕ್‌ಗೆ ಬರುತ್ತಿದೆ. 2028ರೊಳಗೆ ಅದರ ಬೆಲೆಯನ್ನೂ 5 ಡಾಲರ್‌ಗಿಂತ ಕೆಳಗಿಳಿಸುವುದಾಗಿ ಕಂಪನಿಗಳು 2025ರಲ್ಲಿ ಪ್ರಕಟಿಸಿವೆ. ಇಂದು 20ಕ್ಕೂ ಹೆಚ್ಚು ಆಫ್ರಿಕನ್ ದೇಶಗಳು ಮಕ್ಕಳಿಗೆ ಈ ಲಸಿಕೆಗಳನ್ನು ಕೊಡುತ್ತಿವೆ.

ಇದು ಹೇಗೆ ಸಾಧ್ಯವಾಯಿತು? ಆಫ್ರಿಕಾದ ಬಡ ತಾಯಂದಿರು ಹಣ ಕೊಟ್ಟು ಕೊಳ್ಳುತ್ತಿಲ್ಲ. ಗಾವಿ ಎಂಬ ಅಂತರರಾಷ್ಟ್ರೀಯ ಲಸಿಕೆ ಒಕ್ಕೂಟ ಹಣ ಹೊಂದಿಸುತ್ತದೆ, ಯುನಿಸೆಫ್ ಖರೀದಿಸುತ್ತದೆ, ಆಯಾ ದೇಶದ ಆರೋಗ್ಯ ಕಾರ್ಯಕರ್ತೆಯರು ಹಳ್ಳಿಗೆ ಒಯ್ಯುತ್ತಾರೆ. ಕೊಳ್ಳುವವರು ಯಾರು ಎಂಬುದು ಖಚಿತವಾದ ಮೇಲೆ ಕಾರ್ಖಾನೆ ಓಡಿತು. ನನ್ನ ಪ್ರಕಾರ ಇಡೀ ಕಥೆಯ ತಿರುಳು ಇದು: ವಿಜ್ಞಾನ ಲಸಿಕೆಯನ್ನು ಸಾಧ್ಯವಾಗಿಸುತ್ತದೆ, ಖಚಿತವಾದ ಬೇಡಿಕೆ ಅದನ್ನು ಹಳ್ಳಿಗೆ ತಲುಪಿಸುತ್ತದೆ.

ನಮ್ಮ ಮಲೇರಿಯಾ ಬೇರೆ

ಹಾಗಾದರೆ ನಮಗೂ ಅದೇ ಲಸಿಕೆ ತರಬಾರದೇಕೆ? ಮೊದಲನೆಯದಾಗಿ, ನಮ್ಮಲ್ಲಿ ಮಲೇರಿಯಾ ಲಸಿಕೆ ಇಲ್ಲದೆಯೇ ಇಳಿದಿದೆ. ನಮ್ಮ ಊರು ಕೋಲಾರ ಜಿಲ್ಲೆಯಲ್ಲೇ ಇದ್ದ ಕಾಲದಲ್ಲಿ ಕಾಮಸಮುದ್ರ ಭಾಗದ ಹಳ್ಳಿಗಳ ಬಾವಿ, ಕುಂಟೆಗಳಿಗೆ ವಿಜ್ಞಾನಿಗಳು ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನು ಬಿಟ್ಟು ಸೊಳ್ಳೆಮರಿಗಳನ್ನು ತಿನ್ನಿಸಿದರು. ಮಲೇರಿಯಾ ಗಣನೀಯವಾಗಿ ತಗ್ಗಿತು. ರೇಷ್ಮೆ ಸಾಕುವ ನಮ್ಮ ಕಡೆ ಇದಕ್ಕೆ ಇನ್ನೊಂದು ಅರ್ಥವೂ ಇದೆ. ಮನೆಯೊಳಗೆ ಕೀಟನಾಶಕ ಸಿಂಪಡಿಸಿದರೆ ಸೊಳ್ಳೆಯ ಜತೆ ರೇಷ್ಮೆಹುಳುವೂ ಸಾಯುತ್ತದೆ. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಒಯ್ಯುವ ಯಾವ ಮನೆಯವರು ಅದಕ್ಕೆ ಒಪ್ಪುತ್ತಾರೆ?

ಎರಡನೆಯದು ಹೆಚ್ಚು ಗಂಭೀರ. ಎರಡೂ ಲಸಿಕೆಗಳು ತಡೆಯುವುದು ಫಾಲ್ಸಿಪಾರಂ ಮಲೇರಿಯಾವನ್ನು. ಕರ್ನಾಟಕದಲ್ಲಿ, ಮುಖ್ಯವಾಗಿ ವರ್ಷಗಟ್ಟಲೆ ಮಲೇರಿಯಾ ಕಾಡಿದ ಮಂಗಳೂರಿನಲ್ಲಿ, ಹೆಚ್ಚು ಕಂಡುಬಂದಿದ್ದು ವೈವಾಕ್ಸ್. ಅದು ಕೊಲ್ಲುವುದು ಕಡಿಮೆ. ಆದರೆ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿದ್ದೆ ಹೋಗಿ ಮತ್ತೆ ಏಳುತ್ತದೆ. ಅದನ್ನು ಬೇರುಸಹಿತ ಕೀಳಲು 14 ದಿನ ಮಾತ್ರೆ ನುಂಗಬೇಕು. ಕಟ್ಟಡ ಕೆಲಸಕ್ಕೆ ಊರಿಂದ ಊರಿಗೆ ಹೋಗುವ ಕೂಲಿಯವರು ಮೂರನೇ ದಿನ ಜ್ವರ ಬಿಟ್ಟ ಮೇಲೆ ಇನ್ನೂ ಹನ್ನೊಂದು ದಿನ ಮಾತ್ರೆ ನುಂಗುವರೇ? ಒಬ್ಬರ ಮೈಯಲ್ಲಿ ಉಳಿದದ್ದು ಮುಂದಿನ ಕಟ್ಟಡದ ಸೊಳ್ಳೆಗೆ ಸಾಕು.

ವೈವಾಕ್ಸ್‌ಗೆ ಇಂದಿಗೂ ಬಳಕೆಗೆ ಬಂದ ಲಸಿಕೆ ಇಲ್ಲ. ಫಾಲ್ಸಿಪಾರಂ ಅನ್ನು 1976ರಿಂದಲೇ ಪ್ರಯೋಗಾಲಯದಲ್ಲಿ ಬೆಳೆಸಲಾಗುತ್ತಿದೆ. ವೈವಾಕ್ಸ್ ಎಳೆಯ ರಕ್ತಕಣಗಳನ್ನಷ್ಟೇ ಬಯಸುವುದರಿಂದ ಹಾಗೆ ಬೆಳೆಸಲು ಆಗಿಲ್ಲ. ನಮ್ಮವರು ಕೈಕಟ್ಟಿ ಕೂತಿಲ್ಲ. ದೆಹಲಿಯ ಐಸಿಜಿಇಬಿ ವಿಜ್ಞಾನಿಗಳು ರೂಪಿಸಿದ ಜೈವ್ಯಾಕ್-1 ಲಸಿಕೆಯನ್ನು ಮೊದಲ ಹಂತದಲ್ಲಿ ಮನುಷ್ಯರ ಮೇಲೆ ಪರೀಕ್ಷಿಸಿದ್ದು ಬೆಂಗಳೂರಿನಲ್ಲೇ. ಅದು ಸುರಕ್ಷಿತ ಎಂದು ಕಂಡುಬಂತು; ಆದರೆ ಅದರ ಎರಡು ಪ್ರೋಟೀನ್‌ಗಳಲ್ಲಿ ಒಂದಕ್ಕೆ ದೇಹ ಸರಿಯಾಗಿ ಸ್ಪಂದಿಸಲಿಲ್ಲ. 2025ರ ಜುಲೈನಲ್ಲಿ ಐಸಿಎಂಆರ್, ಭುವನೇಶ್ವರದ ತನ್ನ ಕೇಂದ್ರ ರೂಪಿಸಿದ ಆಡ್‌ಫಾಲ್ಸಿವ್ಯಾಕ್ಸ್ ಅನ್ನು ಪ್ರಕಟಿಸಿತು. ಸೋಂಕನ್ನೂ ಹರಡುವಿಕೆಯನ್ನೂ ಒಟ್ಟಿಗೆ ತಡೆಯುವ, ಕೋಣೆಯ ಉಷ್ಣಾಂಶದಲ್ಲಿ ಒಂಬತ್ತು ತಿಂಗಳು ಕೆಡದೆ ಉಳಿಯುವ ಲಸಿಕೆ ಎಂಬುದು ಐಸಿಎಂಆರ್ ಮಾತು. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಅದು ಗೆಲ್ಲಬೇಕು. ಇವೆರಡೂ ಫಾಲ್ಸಿಪಾರಂಗೇ. ಕೊಲ್ಲುವ ಕಾಯಿಲೆಗೆ ಮೊದಲ ಆದ್ಯತೆ ಎಂಬುದು ನ್ಯಾಯವೇ. ಆದರೆ ಪ್ರಕರಣಗಳು ಕಡಿಮೆಯಾದಷ್ಟೂ ವೈವಾಕ್ಸ್ ಲಸಿಕೆಗೆ ಹಣ ಹಾಕುವವರೂ ಕಡಿಮೆಯಾಗುತ್ತಾರೆ. 2030ರೊಳಗೆ ಮಲೇರಿಯಾ ಮುಕ್ತ ಭಾರತ ಎಂಬ ಗುರಿಯ ಕೊನೆಯ ಮೈಲಿಯಲ್ಲಿ ನಿಂತಿರುವುದು ಇದೇ ನಿದ್ದೆಯ ಪರಾವಲಂಬಿ. ಅದರ ಲಸಿಕೆಗೆ ಕೊಳ್ಳುವವರಾಗಿ ನಿಲ್ಲಬೇಕಾದದ್ದು ಆಫ್ರಿಕಾವಲ್ಲ, ನಾವು.

ಕ್ಯಾನ್ ಇದೆ, ಲಸಿಕೆ ಇಲ್ಲ

ಈಗ ಹಸುವಿನ ವಿಷಯಕ್ಕೆ ಬರುತ್ತೇನೆ. ಥೈಲೇರಿಯಾ ಪರಾವಲಂಬಿ ಹಸುವಿನ ಬಿಳಿ ರಕ್ತಕಣಗಳನ್ನು ಹೊಕ್ಕು ಅವು ಕ್ಯಾನ್ಸರ್‌ನಂತೆ ಬೆಳೆಯುವ ಹಾಗೆ ಮಾಡುತ್ತದೆ. ಆ ಕಣಗಳನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿ, ಪರಾವಲಂಬಿಯ ಶಕ್ತಿ ಕುಂದಿಸಿ ಮಾಡಿದ್ದೇ ಲಸಿಕೆ. ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ‘ರಕ್ಷಾವ್ಯಾಕ್-ಟಿ’ ಹೆಸರಿನಲ್ಲಿ ಇದನ್ನು ತಯಾರಿಸಿದೆ. ಹಳ್ಳಿಕಾರ್‌ನಂಥ ನಾಟಿ ತಳಿಗಳು ಈ ಕಾಯಿಲೆಯನ್ನು ಸಾಕಷ್ಟು ತಾಳಿಕೊಳ್ಳುತ್ತವೆ. ಹಾಲಿಗಾಗಿ ನಾವು ತಂದ ಎಚ್‌ಎಫ್, ಜರ್ಸಿ ಮಿಶ್ರತಳಿಗಳು ತಾಳುವುದಿಲ್ಲ. ಹೈನುಗಾರಿಕೆಯನ್ನೇ ನಂಬಿದ ಕೋಲಾರ, ಚಿಕ್ಕಬಳ್ಳಾಪುರಕ್ಕೆ ಇದಕ್ಕಿಂತ ಬೇಕಾದ ಲಸಿಕೆ ಯಾವುದು?

ತೊಡಕು ಏನೆಂದರೆ ಇದು ಜೀವಂತ ಕಣಗಳ ಲಸಿಕೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡಬೇಕು. ಹೊರತೆಗೆದು ಕರಗಿಸಿದ ಮೇಲೆ ಬೇಗ ಬಳಸಬೇಕು. ಅಯ್ಯೋ, ಹಳ್ಳಿಯಲ್ಲಿ ಇದೆಲ್ಲ ಎಲ್ಲಿ ಎನ್ನಬೇಡಿ. ಕೃತಕ ಗರ್ಭಧಾರಣೆಯ ಕಡ್ಡಿಗಳನ್ನು ಇಡುವ ಕ್ಯಾನ್ ನೋಡಿದ್ದೀರಲ್ಲ, ಅದರಲ್ಲಿ ಇರುವುದು ಅದೇ ದ್ರವ ಸಾರಜನಕ. ಅದು ವರ್ಷಗಳಿಂದ ಬೈಕ್ ಮೇಲೆ ನಮ್ಮ ಹಟ್ಟಿಯ ಬಾಗಿಲಿಗೇ ಬರುತ್ತಿದೆ. ಅಂದರೆ ಕೊರತೆ ತಂತ್ರಜ್ಞಾನದ್ದಲ್ಲ. ಗರ್ಭಧಾರಣೆಗೆ ಪ್ರತಿ ಮನೆಯವರೂ ಕೇಳುತ್ತಾರೆ, ಹಾಗಾಗಿ ಕ್ಯಾನ್ ಬರುತ್ತದೆ. ಲಸಿಕೆಯನ್ನು ಯಾರೂ ಕೇಳಿಲ್ಲ, ಹಾಗಾಗಿ ಅದು ಬಂದಿಲ್ಲ.

ನಾನು ಓದುತ್ತಿರುವುದು ಮೆಕ್ಯಾನಿಕಲ್. ಲಸಿಕೆ ಎಂದರೆ ಡಾಕ್ಟರ್‌ಗಳ, ಬಯಾಲಜಿಯವರ ವಿಷಯ ಎಂದುಕೊಂಡಿದ್ದೆ. ಯೀಸ್ಟ್ ಬೆಳೆಸುವ ಟ್ಯಾಂಕ್, ತಣ್ಣಗಿಡುವ ಪೆಟ್ಟಿಗೆ, ಯಾವ ಆರೋಗ್ಯ ಕೇಂದ್ರದಲ್ಲಿ ಎಷ್ಟು ಡೋಸ್ ಯಾವ ಉಷ್ಣಾಂಶದಲ್ಲಿದೆ ಎಂದು ಮೊಬೈಲ್‌ನಲ್ಲಿ ತೋರಿಸುವ ‘ಇ-ವಿನ್’ನಂಥ ವ್ಯವಸ್ಥೆ ಎಲ್ಲವೂ ಎಂಜಿನಿಯರಿಂಗ್ ಕೆಲಸಗಳೇ. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ದಾರಿಯಲ್ಲಿ ಜಕ್ಕೂರು ಬರುತ್ತದೆ. ಅಲ್ಲಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಮಲೇರಿಯಾ ಪರಾವಲಂಬಿಯ ಒಳಗುಟ್ಟು ಹುಡುಕುವ ಸಂಶೋಧನೆ ನಡೆದಿದೆ. ಮುಂದೆ ಹೆಬ್ಬಾಳ, ಅಲ್ಲಿ ಜಾನುವಾರು ಲಸಿಕೆ ತಯಾರಿಸುವ ರಾಜ್ಯ ಸರ್ಕಾರದ ಸಂಸ್ಥೆ ಇದೆ. ಕೆಲಸ ಎಂದರೆ ಸಾಫ್ಟ್‌ವೇರ್ ಕಂಪನಿ ಮಾತ್ರ ಎಂದುಕೊಂಡು ನಾವು ಎರಡನ್ನೂ ಕಿಟಕಿಯಿಂದ ನೋಡದೆಯೇ ದಾಟುತ್ತೇವೆ.

ರಜೆ ಮುಗಿಯುವ ಮುನ್ನ ಮತ್ತೆ ಆ ವೈದ್ಯರ ಬಳಿ ಹೋಗಿ ಕೇಳಿದೆ. ‘ಒಂದೆರಡು ಹಸುವಿಗೆ ಯಾರೂ ತರಿಸಲ್ಲಪ್ಪ. ಊರಿನವರು ಒಟ್ಟಿಗೆ ಕೇಳಿದರೆ ಪ್ರಯತ್ನ ಮಾಡಬಹುದು’ ಎಂದರು. ಅಂದು ಸಂಜೆಯೇ ಹಾಲಿನ ಡೇರಿಯಲ್ಲಿ ಒಂದು ನೋಟ್‌ಬುಕ್ ಇಟ್ಟೆವು. ಹಾಲು ಹಾಕಲು ಬಂದವರು ತಮ್ಮ ಮನೆಯ ಮಿಶ್ರತಳಿ ಹಸು, ಕರುಗಳ ಲೆಕ್ಕ ಬರೆಸಿದರು. ಮೊದಲ ವಾರ 23 ಇತ್ತು. ಮೊನ್ನೆ ಅಪ್ಪ ಫೋನ್ ಮಾಡಿದಾಗ 61 ಆಗಿದೆ ಎಂದರು. ಮುಂದಿನ ವಾರ ಊರಿಗೆ ಹೋದಾಗ ಆ ಪಟ್ಟಿಯನ್ನು ವೈದ್ಯರ ಕೈಗೆ ಕೊಡಬೇಕು.